ಬೀಗಕ್ಕೆ ಸಿಕ್ಕಿದ ಸೋಬಾನೆ

ಈ ಸಂಗತಿ ಹೇಳಬೇಕೆಂದು ಕೂತಾಗಲೆಲ್ಲ ನನಗೆ ಬೇರೊಂದು ಕೆಲಸ ನೆನಪಾಗುತ್ತಿತ್ತು. ಗಿಡಕ್ಕೆ ನೀರು ಹಾಕುವುದು, ಕನ್ನಡಕ ಒರೆಸುವುದು, ಏನೂ ಇಲ್ಲದಿದ್ದರೆ ಮೂಗು ಸೀಟುವುದು! ಇನ್ನೂ ಮುಂದೂಡಿದರೆ ಕೇಳಲು ನೀವಿರುತ್ತೀರಿ, ಹೇಳಲು ನಾನಿರುವುದಿಲ್ಲ. ಹೇಳಿಬಿಡುತ್ತೇನೆ.

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಗುಬ್ಬಿಯವನು. ಯಮ ಬಂದು ಕರೆದರೂ "ಒಂದ್ನಿಮ್ಷ ಸ್ವಾಮಿ, ಬೀಗ ಹಾಕ್ಕೊಂಡ್ ಬತ್ತೀನಿ" ಎನ್ನುವ ಆಸಾಮಿ. ಹಾಕಿದ ಬೀಗವನ್ನು ಬಾವಲಿಯ ಹಾಗೆ ಜೋತುಬಿದ್ದು ಪರೀಕ್ಷಿಸುತ್ತಿದ್ದ. ಸೈಕಲ್ಲಿನ ಎರಡೂ ಗಾಲಿಗೆ ಬೀಗ. ಉಪ್ಪಿನಕಾಯಿ ಜಾಡಿಗೂ ಬೀಗ! ಸೊಂಟದ ಕೀಲಿಗೊಂಚಲಿನ ಸದ್ದು ಕೇಳಿದವರು ಎತ್ತಿನ ಗಾಡಿ ಬಂತೆಂದು ದಾರಿ ಬಿಡುತ್ತಿದ್ದರು.

ಒಮ್ಮೆ ಇಬ್ಬರೂ ದೇವಸ್ಥಾನಕ್ಕೆ ಹೋದೆವು. ನನ್ನ ಹೊಸ ಚಪ್ಪಲಿಯನ್ನೂ ತನ್ನ ಹಳೆಯದನ್ನೂ ಸರಪಳಿಯಲ್ಲಿ ಪೋಣಿಸಿ ಲೈಟ್ ಕಂಬಕ್ಕೆ ಬೀಗ ಜಡಿದ. ಒಳಗೆ ಹೋಗಿ ಭಕ್ತಿಯ ಭರದಲ್ಲಿ ಚಿಲ್ಲರೆಯ ಜೊತೆ ಕೀಲಿಯನ್ನೂ ಹುಂಡಿಗೆ ಹಾಕಿಬಿಟ್ಟ! ಹುಂಡಿಗೂ ಬೀಗ, ಅದರ ಕೀಲಿ ಎಲ್ಲೋ ಸರ್ಕಾರಿ ಕಚೇರಿಯಲ್ಲಿ. ಸುಡುವ ಬಿಸಿಲಲ್ಲಿ ಬರಿಗಾಲಲ್ಲಿ ಕುಣಿಯುತ್ತ ಬಸ್ ಸ್ಟ್ಯಾಂಡಿಗೆ ಬಂದೆವು. "ಒಬ್ಬ ಕಳ್ಳನಾದ್ರೂ ಮುಟ್ಟಿದ್ನಾ ನೋಡಣ್ಣ!" ಎಂದು ಹೆಮ್ಮೆ ಬೇರೆ!

ಅವನ ತಾಯಿ ಕುಣಿಗಲ್ ಕಡೆಯವರು. ಅವರು ಸೋಬಾನೆ ಎತ್ತಿಕೊಳ್ಳದೆ ಆ ಸೀಮೆಯಲ್ಲಿ ಹಸೆಮಣೆಗೆ ಕಳೆ ಬರುತ್ತಿರಲಿಲ್ಲ. ಅವರ ಪದಗಳನ್ನೆಲ್ಲ ಇವನು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದ. ಮುಂದೆ ಅವರಿಗೆ ಲಕ್ವ ಹೊಡೆದು ಮಾತು ನಿಂತಿತು. ಕ್ಯಾಸೆಟ್ಟುಗಳಿಗೂ ಬೂಷ್ಟು ಹಿಡಿಯತೊಡಗಿತು. ಕಂಪ್ಯೂಟರು ಮನೆಮನೆಗೆ ಬರುತ್ತಿದ್ದ ಕಾಲ. ಇವನೂ ಒಂದು ಕೊಂಡು ಪದಗಳನ್ನೆಲ್ಲ ಅದಕ್ಕೆ ತುಂಬಿಸಿದ. ಆಮೇಲೆ ಕ್ಯಾಸೆಟ್ಟಿನ ಟೇಪು ಬಿಚ್ಚಿ, ನಿಟ್ಟೂರಿನ ರಾಗಿ ಹೊಲದ ಸುತ್ತ ಹಕ್ಕಿ ಬೆದರಿಸಲು ಕಟ್ಟಿದ!

"ಲೋ, ಇನ್ನೊಂದು ಕಾಪಿ ಇಟ್ಟಿದೀಯೇನೋ?" ಎಂದೆ.

"ಎರಡಿದ್ರೆ ಎರಡನ್ನೂ ಕಾಯ್ಬೇಕಲ್ಲಣ್ಣ!"

ದಿನವೂ ಸಂಜೆ ಆ ತಾಯಿ ಕಂಪ್ಯೂಟರಿನ ಮುಂದೆ ಕೂತು ತಮ್ಮ ದನಿಯನ್ನು ತಾವೇ ಕೇಳಿ ಎಡಗೈಯಲ್ಲಿ ತಾಳ ಹಾಕುತ್ತಿದ್ದರು.

ಒಂದು ದಿನ ಮನೆಯವರೆಲ್ಲ ಹೆಬ್ಬೂರಿಗೆ ನಾಮಕರಣಕ್ಕೆ ಹೋದರು. ತಾಯಿಯ ಜೊತೆಗೆ ಮನೆಯಲ್ಲಿ ಉಳಿದವನು ನಾನು. ಅವರು ಕಂಪ್ಯೂಟರಿನತ್ತ ಕೈ ತೋರಿಸಿದರು. ಎಸ್ಸೆಸ್ಸೆಲ್ಸಿ ಓದಿದವನು ಬರುವುದಿಲ್ಲ ಅನ್ನುವುದುಂಟೇ? ಸ್ವಿಚ್ ಹಾಕಿ, ಹಾರ್ಮೋನಿಯಂ ನುಡಿಸುವಂತೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ನೀಲಿ ಪರದೆ ಬಂತು. ಇನ್ನಷ್ಟು ಒತ್ತಿದೆ. ಪಾಸ್‌ವರ್ಡ್ ಅಂತ ಕೇಳಿತು. "ಅವ್ವನ ಹಾಡಿಗೂ ಬೀಗ ಜಡಿದಿದಾನಲ್ಲ ಈ ಹುಚ್ಚ!" ಎಂದು ಗಟ್ಟಿಯಾಗಿ ಬೈದು, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದೆ: ಹುಚ್ಚ. ಮತ್ತೆ ಕೇಳಿತು. ಮತ್ತೆ ಹುಚ್ಚ! ಪರದೆ ಆರಿ ಹತ್ತಿತು, ಪುನಃ ಪಾಸ್‌ವರ್ಡ್ ಕೇಳಿತು. ಹೆದರಿ ಸ್ವಿಚ್ ಆರಿಸಿದೆ. ತಾಯಿ ಎಲ್ಲ ನೋಡುತ್ತಿದ್ದರು.

ಮರುದಿನದಿಂದ ಷಡ್ಡಕನ ಪರದಾಟ. ಅಷ್ಟು ಬೀಗ ಹಾಕಿದವನು ಇದನ್ನೂ ತಾನೇ ಹಾಕಿ ಮರೆತಿರಬೇಕೆಂದು ನಂಬಿಬಿಟ್ಟ! ಮನೆದೇವರ ಹೆಸರು ಹಾಕಿದ, ಹಸುವಿನ ಹೆಸರು ಹಾಕಿದ, ಸೈಕಲ್ ಕಂಪನಿಯ ಹೆಸರೂ ಆಯಿತು.

"ನನ್ ಹೆಸ್ರು ಹಾಕ್ ನೋಡಿದ್ರಾ?" ಎಂದಳು ಅವನ ಹೆಂಡತಿ.

"ಅದು ಹೊಳೀಲೇ ಇಲ್ಲ ಕಣೇ."

ಆ ವಾರ ಅವನಿಗೆ ಸಿಕ್ಕಿದ್ದು ಬರೀ ತಿಳಿಸಾರು.

ಕಂಪ್ಯೂಟರನ್ನು ತುಮಕೂರಿನ ಅಂಗಡಿಗೆ ತಂದ. ನಾನೂ ಹೋದೆ. ಅಂಗಡಿಯವನು ಬಿಚ್ಚಿ ನೋಡಿ, "ಹಾರ್ಡ್ ಡಿಸ್ಕ್‌ಗೇ ಲಾಕ್ ಬಿದ್ದಿದೆ ಸಾರ್. ಹೊಸ ಪಾಸ್‌ವರ್ಡ್ ಇಡೋಕೆ ಎರಡ್ಸಲ ಟೈಪ್ ಮಾಡ್ಬೇಕು, ಯಾರೋ ಹಾಗೆ ಮಾಡಿ ಹಾಕಿದಾರೆ. ಪಾಸ್‌ವರ್ಡ್ ನೆನಪಾಗ್ಲಿಲ್ಲ ಅಂದ್ರೆ ಒಳಗಿರೋದೆಲ್ಲ ಅಳಿಸ್ಬೇಕು, ಅಷ್ಟೇ" ಎಂದ.

ಬೀಗ ಇರಲೇ ಇಲ್ಲ! ಹಾಕಿದವನು ನಾನು! ಹೇಳೋಣವೆಂದರೆ, ಅವನನ್ನೇ ಬೈದ ಪದವನ್ನು ಅವನ ಮುಂದೆ ಹೇಗೆ ಹೇಳಲಿ?

ಬಸ್ಸಿನಲ್ಲಿ ಅವನು ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡ. "ಬೀಗದ ಚಟಕ್ಕೆ ಅವ್ವನ ದನೀನೇ ಮುಚ್‌ಬುಟ್ನಲ್ಲಣ್ಣ."

"ನಾನು ಮೊದ್ಲೇ ಹೇಳಿರ್ಲಿಲ್ವಾ?" ಎಂದೆ. ಹೌದು, ಹಾಗೇ ಎಂದೆ!

ನೆಂಟರೆಲ್ಲ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ. ತಾಯಿ ಮಾತ್ರ ನನ್ನ ಮುಖ ನೋಡುತ್ತಿದ್ದರು. ಷಡ್ಡಕ ಒಂದೊಂದೇ ಬೀಗ ಬಿಚ್ಚಿದ. ಜಾಡಿ ತೆರೆದುಕೊಂಡಿತು. ಬೀಗವಿಲ್ಲದ ಸೈಕಲ್ಲು ಕಳುವಾಯಿತು. "ಹೋಗ್ಲಿ ಬುಡಣ್ಣ" ಎಂದ. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಗುಬ್ಬಿಗೆ ಹೋದೆ. "ನಾನೊಂದ್ಸಲ ಊಹೆ ಮಾಡ್ಲೇನೋ?" ಎಂದು ಕೂತು, ಒಂದೊಂದೇ ಅಕ್ಷರ ಒತ್ತಿದೆ. ತೆರೆದುಕೊಂಡಿತು.

"ಏನಂತ ಹಾಕ್ದೆ ಅಣ್ಣ?"

"ಹುಚ್ಚ ಅಂತ."

ಅವನು ಬಿದ್ದು ಬಿದ್ದು ನಕ್ಕ. "ನನ್ನ ನಾನೇ ಬೈಕೊಂಡು ಹಾಕಿರ್ಬೇಕು! ನನ್ ಮನಸ್ಸು ನನಗಿಂತ ನಿನಗೇ ಚೆನ್ನಾಗ್ ಗೊತ್ತಲ್ಲಣ್ಣ!" ಎಂದು ಕಾಲಿಗೂ ಬಿದ್ದ. ಬೀಳಿಸಿಕೊಂಡೆ.

ಪದ ಶುರುವಾಯಿತು. ಮನೆಯವರೆಲ್ಲ ನನ್ನನ್ನು ಹೊಗಳುವುದರಲ್ಲಿದ್ದರು. ತಾಯಿ ಮಂಚದ ಮೇಲೆ ಪಕ್ಕದ ಜಾಗ ತಟ್ಟಿ ನನ್ನನ್ನು ಕರೆದರು. ಕೂತೆ. ನನ್ನ ಬಲಗೈ ಎಳೆದು ತೊಡೆಯ ಮೇಲಿಟ್ಟುಕೊಂಡು, ಆ ಅಂಗೈಯ ಮೇಲೆ ಹಗುರವಾಗಿ ತಾಳ ಹಾಕತೊಡಗಿದರು. ಅವರಿಗೆ ಮಾತಿರಲಿಲ್ಲ. ನನಗೆ ಇತ್ತು. ಪದ ಮುಗಿಯುವವರೆಗೂ, ಆಮೇಲೆ ಅವರಿದ್ದಷ್ಟು ಕಾಲವೂ, ತಪ್ಪಾಯಿತು ಅನ್ನಲಿಲ್ಲ.

ಅವರ ಹೆಸರು ಕೆಂಪಮ್ಮ.