ನಮ್ಮ ಹೊಲದ ದಾರೀಲಿ ಗಾಲ್ಫ್ ಕ್ಲಬ್ಬು

ಗಾಲ್ಫ್ ಮೈದಾನದ ಪಕ್ಕ ಹೊಲ ಇಟ್ಕೊಂಡೋರಿಗೆ ನಗೋಕೆ ಬರ ಇಲ್ಲ. ಒಂದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ಆಗಿರ್ತದೆ. ದೇವಲಾಪುರದ ಕಡೆ ನಮ್ಮದು ಖುಷ್ಕಿ ಹೊಲ. ರಾಗಿ, ಹುರುಳಿ, ಜೊತೆಗೆ ಎಮ್ಮೆ. ಊರಿಗೂ ಹೊಲಕ್ಕೂ ನಡುವೆ ಈ ಕ್ಲಬ್ಬು. ಅದರ ಚರಿತ್ರೇನ ಚೆಂದಾಗಿ ಬರೆಸಿ, ಗಾಜು ಹಾಕಿಸಿ ಗೋಡೆಗೆ ತಗುಲಾಕವ್ರೆ. ಅದ್ರಲ್ಲಿ ನನ್ ಸುದ್ದಿ ಇಲ್ಲ, ನಮ್ಮೆಮ್ಮೆ ಸುದ್ದೀನೂ ಇಲ್ಲ. ಅದಕ್ಕೇ ನಾನು ಹೇಳ್ತೀನಿ. ಸಿಟ್ಟು ಬಂದ್ರೆ ಬರ್ಲಿ.

೧. ಎಣ್ಣೆ ಮರಳು

ಕ್ಲಬ್ಬು ಶುರು ಮಾಡಿದ್ದು ಮಿಲಿಟ್ರಿಯಿಂದ ರಿಟೈರಾಗಿ ಬಂದ ಒಬ್ಬ ಕರ್ನಲ್ಲು. ನಾನಾಗ ಮದುವೆಯಾಗಿ ಬಂದ ಹೊಸ್ತು. ಕಲ್ಲು, ಹುತ್ತ, ಲಂಟಾನ ಬುಟ್ರೆ ಅಲ್ಲಿ ಇನ್ನೇನೂ ಇರ್ಲಿಲ್ಲ. ನೀರಿಲ್ಲದ ಮೇಲೆ ಹುಲ್ಲೆಲ್ಲಿಂದ ಬರಬೇಕು? ಚೆಂಡು ಬೀಳೋ ಗುಂಡಿ ಸುತ್ತ ಮರಳು ಹರವಿ, ಧೂಳೇಳಬಾರ್ದು ಅಂತ ಅದಕ್ಕೆ ಹಳೇ ಇಂಜಿನ್ ಎಣ್ಣೆ ಹುಯ್ದು, ರೋಲರ್ ಎಳೀತಿದ್ರು. ಎಣ್ಣೆ ತಂದ್ಕೊಡ್ತಿದ್ದೋನು ಬೆಳ್ಳೂರು ಕ್ರಾಸಿನ ಗ್ಯಾರೇಜ್ ಭಾಯಿ. "ಅಕ್ಕಾ, ಅಲ್ಲಾ ಕಸಮ್, ಮೋರಿಗೆ ಚೆಲ್ತಿದ್ದ ಎಣ್ಣೆಗೆ ಸೂಟು ಹಾಕ್ಕೊಂಡ ಗಿರಾಕಿ ಸಿಕ್ಕವ್ರೆ" ಅಂತ ನಗೋನು.

ಕರ್ನಲ್ಲು ಮಾತ್ರ ಮನುಷ್ಯ ಅಂದ್ರೆ ಮನುಷ್ಯ. ನಮ್ಮ ಹೊಲದ ದಾರಿ ಅವ್ರ ಆಟದ ಮಧ್ಯಕ್ಕೇ ಬಿದ್ದಿತ್ತು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು ಜಗಳಕ್ಕೇ ಹೋದೆ. "ತಾಯಿ, ನಾವು ಆಡೋಕೆ ಬಂದಿರೋರು, ನೀವು ದುಡಿಯೋಕೆ ಹೊರಟಿರೋರು. ಮೊದಲು ನೀವು ಹೋಗಿ" ಅಂದ್ಬುಟ್ರು. ಆವತ್ತಿಂದ ನಾನು ಹುಲ್ಲಿನ ಹೊರೆ ಹೊತ್ತು ಬಂದ್ರೆ ಸಾಕು, ದಸರಾ ಆನೆ ಹೋಗ್ತಾ ಅದೇನೋ ಅನ್ನಂಗೆ ಎಲ್ರೂ ಕೋಲು ಇಳಿಸಿ ನಿಂತ್ಕೊಳ್ಳೋರು.

ಒಂದಿನ ಮೈಸೂರಿಂದ ಒಬ್ರು ದೊಡ್ಡ ಮನುಷ್ಯರು ಬಂದಿದ್ರು. ಹೊಸ ಬಿಳೀ ಪ್ಯಾಂಟು. ಗುಂಡಿ ಎಷ್ಟು ದೂರ ಅದೆ ಅಂತ ಅಳತೆ ನೋಡೋಕೆ ಆ ಮರಳ ಮೇಲೇ ಕುಂತ್ಬುಟ್ರು. ಎದ್ದಾಗ ಹಿಂದ್ಗಡೆಯೆಲ್ಲ ಕಾವಲಿ ತಳದಂಗೆ ಕರ್ರಗಾಗಿತ್ತು. ನನಗೆ ನಗು ತಡೀಲಿಲ್ಲ.

"ಏನಮ್ಮಾ ನಗ್ತೀಯಾ?" ಅಂತ ರೇಗಿದ್ರು.

"ಕೂತ್ಕೊಳ್ಳೋ ಮುಂಚೆ ಒಂದ್ ಮಾತು ಹೇಳಿದ್ರೆ ಮನೆಯಿಂದ ಚಾಪೆ ತರ್ತಿದ್ದೆ ಸ್ವಾಮಿ" ಅಂದೆ.

೨. ಸಗಣೀಲಿ ಚೆಂಡು

ಇನ್ನೊಂದ್ಸಲ ನಮ್ಮೆಮ್ಮೆ ಹೋಗ್ತಾ ಹೋಗ್ತಾ ಸಗಣಿ ಹಾಕ್ತು. ನಾನು ಮಂಕರಿ ತಗೊಂಡು ಬರೋಷ್ಟರಲ್ಲಿ ಎಲ್ಲಿಂದಲೋ ಹಾರಿಬಂದ ಚೆಂಡು ಪಚಕ್ ಅಂತ ಅದ್ರೊಳಗೇ ಕೂತ್ಬುಡ್ತು. ಆಡ್ತಿದ್ದ ಇಬ್ರ ಮಧ್ಯೆ ಜಗಳ. ಚೆಂಡು ಎತ್ತಿ ಪಕ್ಕಕ್ಕಿಟ್ಟು ಹೊಡೀಬೇಕು ಅಂತ ಒಬ್ಬ, ಇದ್ದಲ್ಲೇ ಹೊಡೀಬೇಕು ಅಂತ ಇನ್ನೊಬ್ಬ. ಅವ್ರು ವಾದ ಮಾಡ್ತಾ ಇದ್ರು, ನಾನು ಬಾಚಿ ಮಂಕರಿಗೆ ಹಾಕ್ಕೊಂಡು ಹೊರಟೆ.

"ಏಯ್, ಚೆಂಡು! ಅದು ನಮ್ಮದು!" ಅಂತ ಇಬ್ರೂ ಹಿಂದೆ ಓಡಿಬಂದ್ರು.

"ಸಗಣಿ ನಮ್ಮೆಮ್ಮೇದು. ಅದ್ರೊಳಗಿರೋದೆಲ್ಲ ನಮ್ದೇಯ. ಬೇಕಾದ್ರೆ ತಿಪ್ಪೆ ಹತ್ರ ಬಂದು ಕೈ ಹಾಕಿ ತಗೊಳ್ಳಿ" ಅಂದೆ. ಒಬ್ರೂ ಬರ್ಲಿಲ್ಲ.

೩. ಗೇಟು

ಕರ್ನಲ್ಲು ತೀರ್ಕೊಂಡ್ರು. ಪುಣ್ಯಾತ್ಮ, ಈಗ್ಲೂ ನೆನೆಸ್ಕೊಂಡ್ರೆ ಕಣ್ಣು ತುಂಬ್ತದೆ. ಹೊಸ ಪ್ರೆಸಿಡೆಂಟು ಬಂದ್ರು. ಬೋರ್‌ವೆಲ್ಲು ಬಂತು, ಹುಲ್ಲು ಬಂತು, ಬ್ಯಾಟರಿ ಗಾಡಿ ಬಂದ್ವು, ಗಾಡಿಗೆ ಅಂತ ಟಾರು ರಸ್ತೆ ಬಂತು. ಕರ್ನಲ್ಲು ಕಾಲದಲ್ಲಿ ರೋಲರ್ ತಿರುಗಿಸ್ಕೊಳ್ಳಿ ಅಂತ ಬಾಯಿಮಾತಲ್ಲಿ ಬುಟ್ಟುಕೊಟ್ಟಿದ್ದ ನಮ್ಮ ಹೊಲದ ಮೂಲೆ ಮೇಲೂ ಟಾರು ಎಳೆದ್ರು. ಹೋಗ್ಲಿ ಅಂತ ಸುಮ್ನಿದ್ವಿ. ಆಮೇಲೆ ಒಂದಿನ ಬೆಳಿಗ್ಗೆ ನೋಡ್ತೀನಿ, ನಮ್ಮ ದಾರಿಗೆ ಕಬ್ಬಿಣದ ಗೇಟು! 'ಗಾಲ್ಫ್ ಗಾಡಿಗಳಿಗೆ ಮಾತ್ರ' ಅಂತ ಬೋರ್ಡು ಬೇರೆ.

ಮೈ ಉರಿದೋಯ್ತು. ಮೇನ್ ರೋಡಲ್ಲಿ ಸುತ್ತಾಕ್ಕೊಂಡು ಬಂದ್ರೆ ಹೊರೆ ಹೊತ್ತ ಕತ್ತು ಬಿದ್ದೋಗ್ತದೆ. ಲಾರಿಗಳ ಮಧ್ಯೆ ಎಮ್ಮೆ ಹೊಡ್ಕೊಂಡು ಬರೋದಂತೂ ಕೇಳ್ಲೇಬೇಡಿ. ನೆಟ್ಟಗೆ ಪ್ರೆಸಿಡೆಂಟ್ ಮುಂದೆ ಹೋಗಿ ನಿಂತೆ.

"ದಾರಿ ಅನ್ನೋದಕ್ಕೆ ದಾಖಲೆ ಏನಿದೆಯಮ್ಮ?" ಅಂದ್ರು. ಆಮೇಲೆ ದನಿ ಮೆತ್ತಗೆ ಮಾಡಿ, "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಚೆಂಡು ತಲೆಗೆ ಬಿದ್ರೆ ಏನು ಗತಿ?" ಅಂದ್ರು.

"ಇಷ್ಟು ವರ್ಷದಿಂದ ನಿಮ್ಮೋರು ಹೊಡೀತಾನೇ ಅವ್ರೆ. ಕೋಲು ನೆಟ್ಟು ಬಾವುಟ ಕಟ್ಟಿರೋ ಗುಂಡೀಗೇ ಬೀಳ್ದಿರೋ ಚೆಂಡು ನಡೆದಾಡೋ ನನ್ ತಲೆಗೆ ಬೀಳ್ತದಾ?" ಅಂದೆ. ಪಕ್ಕದಲ್ಲಿದ್ದ ವಾಚ್‌ಮನ್ನು ಬಾಯಿಗೆ ಟವಲ್ ಇಟ್ಕೊಂಡ.

ಗೇಟು ಮಾತ್ರ ತೆಗೀಲಿಲ್ಲ.

೪. ಹುರುಳಿ

ನಮ್ ಕಡೆ ಹುರುಳಿ ಕಿತ್ತ ಮೇಲೆ ಯಾರೂ ಕೋಲಲ್ಲಿ ಬಡಿಯಲ್ಲ. ಟಾರು ರೋಡಿಗೆ ಹರವ್ತೀವಿ. ಬಸ್ಸು, ಲಾರಿ, ಟ್ರಾಕ್ಟರು ಹತ್ತಿ ಇಳಿದ್ರೆ ಕಾಯಿ ಒಡೆದು ಕಾಳು ಉದುರ್ತದೆ. ಸಾಯಂಕಾಲ ಸೊಪ್ಪು ಎತ್ತಿ, ತೂರಿ ಮನೆಗೆ ತರೋದು. ಒಕ್ಕಣೆ ಮುಗೀತು.

ಆ ವರ್ಷ ನಾವು ಹುರುಳಿ ಕಿತ್ತ ಹೊತ್ತಿಗೇ ಕ್ಲಬ್ಬಲ್ಲಿ ದೊಡ್ಡ ಪಂದ್ಯ. ಬೆಂಗಳೂರು, ಮೈಸೂರಿಂದ ಕಾರಲ್ಲಿ ಜನ ಬಂದವ್ರೆ. ನಾನು ಬೆಳಗಾಗ್ತಲೇ ನಮ್ಮ ಹುರುಳೀನೆಲ್ಲ ಹೊತ್ತು ತಂದು ನಮ್ಮ ಮೂಲೆ ಮೇಲಿನ ಆ ಟಾರಿಗೆ ಮಂದವಾಗಿ ಹರವ್ದೆ. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಬದು. ಗಾಡಿಗಳಿಗೆ ಬೇರೆ ದಾರಿ ಇಲ್ಲ. ಬಂದ್ವು ನೋಡಿ ಸಾಲಾಗಿ, ಟೋಪಿ ಹಾಕ್ಕೊಂಡ ದೊಡ್ಡೋರೆಲ್ಲ ಚಟಚಟ ಅಂತ ನಮ್ಮ ಹುರುಳಿ ಒಕ್ಕೊಂಡು ಹೋದ್ರು. ಸುಮಾರು ಗಾಡಿ ದಾಟಿದ ಮೇಲೆ ಒಂದಕ್ಕೆ ಬಳ್ಳಿ ಚಕ್ರಕ್ಕೆ ಸುತ್ಕೊಂಡು ನಿಂತೋಯ್ತು. ಹಿಂದೆ ಬಂದವೆಲ್ಲ ನಿಂತ್ವು. ಈಗ ಆ ಗಾಡಿಗಳ ರಿಪೇರಿಯೂ ಗ್ಯಾರೇಜ್ ಭಾಯಿದೇ. ಓಡಿಬಂದು ಬಗ್ಗಿ ನೋಡಿದವನು, "ಅಕ್ಕಾ, ಏನ್ ಕಿತಾಪತಿ ಮಾಡ್ಬುಟ್ಟೆ!" ಅಂತ ಅಲ್ಲೇ ಕುಂತು ನಗೋಕೆ ಶುರು ಮಾಡ್ದ.

ಪ್ರೆಸಿಡೆಂಟು ತಮ್ಮ ಗಾಡೀಲಿ ಬಂದ್ರು. ಮುಖ ಕೆಂಡ. "ತೆಗಿ ಇದನ್ನ!"

"ತೆಗೀತೀನಿ. ಇದು ನಮ್ಮ ಹೊಲದ ಮೂಲೆ. ನಿಮ್ಮ ಗಾಡಿ ಇಲ್ಲಿ ಓಡಾಡೋದಕ್ಕೆ ದಾಖಲೆ ತೋರ್ಸಿ, ಈಗ್ಲೇ ತೆಗೀತೀನಿ."

ಅವರು ಗಾಡಿ ಇಳಿದು ಟಾರು ನೋಡಿದ್ರು, ಬದು ನೋಡಿದ್ರು. ಬಳ್ಳಿ ಸುತ್ಕೊಂಡು ನಿಂತಿದ್ದ ಗಾಡೀಲಿದ್ದ ಒಬ್ರು ಹಿರಿಯರು, "ಏನಮ್ಮಾ ವಿಷಯ?" ಅಂತ ಕೇಳಿದ್ರು. ಎಲ್ಲಾನೂ ಒದರ್ಬುಟ್ಟೆ. "ಅವರು ಬಿಟ್ಟ ಜಾಗದಲ್ಲಿ ನೀವು ಓಡಾಡ್ತೀರಿ, ಅವರಿಗೇ ಗೇಟಾ? ತೆಗೀರಿ ಸ್ವಾಮಿ, ಬಿಸಿಲೇರ್ತಿದೆ" ಅಂದ್ರು ಅವ್ರು.

ಪ್ರೆಸಿಡೆಂಟು ಬೀಗದ ಕೈಗೆ ವಾಚ್‌ಮನ್ನನ್ನ ಕೂಗಿದ್ರು.

"ಬೀಗ ಬ್ಯಾಡಿ. ಇವತ್ತು ತೆಗೆದು ನಾಳೆ ಹಾಕ್ತೀರಿ. ಗೇಟೇ ಕೀಳ್ಸಿ, ಹುರುಳಿ ಎತ್ತೀನಿ" ಅಂದೆ.

ಭಾಯಿ ಕೇಳಿಸ್ಕೊಂಡಿದ್ದೇ ತಡ, ಸ್ಪ್ಯಾನರ್ ತಗೊಂಡು ಓಡ್ದ. ಗೇಟು ಧಡಾರ್ ಅಂತ ಬಿತ್ತು. ಬಂದೋರೆಲ್ಲ ಚಪ್ಪಾಳೆ ಹೊಡೆದ್ರು. ನನಗೆ ಅಳು ನಗು ಎರಡೂ ಒಟ್ಟಿಗೇ ಬಂತು.

ಮಾತು ಕೊಟ್ಟಂಗೆ ಸೊಪ್ಪು ಎತ್ತೋಕೆ ಬಗ್ಗಿದೆ. ಪ್ರೆಸಿಡೆಂಟು ಬದುಕಿದೆ ಅಂತ ಗಾಡಿ ಹತ್ತಿ ತಿರುಗಿಸ್ಕೊಂಡ್ರು. ನಾನು ಒಂದು ಹಿಡಿ ಕಾಯಿ ಕೈಲಿ ಉಜ್ಜಿ ನೋಡಿ ಕೂಗ್ದೆ:

"ಸ್ವಾಮಿ, ನಿಂತ್ಕೊಳ್ಳಿ! ಈ ಕಡೇವು ಇನ್ನೂ ಒಡೆದೇ ಇಲ್ಲ. ಹೆಂಗೂ ಗಾಡೀಲಿ ಕುಂತಿದ್ದೀರಿ, ಒಂದೇ ಒಂದು ರೌಂಡು ಹಿಂದಕ್ಕೂ ಮುಂದಕ್ಕೂ ಹೊಡೆದ್ಬುಡಿ!"

ಹೊಡೆದ್ರು ಕಣ್ರೀ!