ಒಂದೇ ಹಳದಿ ಕಾರನ್ನು ಇಡೀ ಊರೆಂದು ಎಣಿಸಿದವರಿಗೆ

ಮಾನ್ಯ ನಗರ ಯೋಜನಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಡಿಪೋ ಸುತ್ತುರಸ್ತೆಯ ನಿವಾಸಿಯೂ, ಅದೇ ರಸ್ತೆಯಲ್ಲಿ ಒಂದೇ ಒಂದು ಹಳದಿ ಕಾರಿಟ್ಟುಕೊಂಡು ಊರಿನ ಅರ್ಧ ಜನಕ್ಕೆ ಗಾಡಿ ಓಡಿಸುವುದನ್ನು ಕಲಿಸಿದವನೂ, ಆ ಕಾರಣಕ್ಕೆ ‘ಸ್ಟೀರಿಂಗ್ ಮೇಷ್ಟ್ರು’ ಎಂದು ಕರೆಸಿಕೊಳ್ಳುವವನೂ ಆದ ನಾನು ತಮಗೆ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ಎರಡೂ ಕೈಗಳನ್ನು ಒಟ್ಟಿಗೆ ಸ್ಟೀರಿಂಗಿನಿಂದ ತೆಗೆಯುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧವಾದರೂ, ತಮ್ಮಂಥವರಿಗಾಗಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದೇ ಕೈ ಮುಗಿದಿದ್ದೇನೆ ಎಂದು ತಾವು ದಯವಿಟ್ಟು ತಿಳಿಯಬೇಕು.

ನಮ್ಮ ರಸ್ತೆಯಲ್ಲಿ ತಾವು ಸ್ಥಾಪಿಸಿರುವ ಸ್ವಯಂಚಾಲಿತ ಕಾರು ತೊಳೆಯುವ ಯಂತ್ರದ ಅಭಿವೃದ್ಧಿಗಾಗಿ, ಇನ್ನು ಮುಂದೆ ಈ ರಸ್ತೆಗೆ ಕಲಿಯುವವರ ಗಾಡಿಗಳು ಬರಕೂಡದೆಂದು ತಾವು ಆಜ್ಞೆ ಹೊರಡಿಸುತ್ತಿದ್ದೀರೆಂಬ ಸುದ್ದಿ ನನ್ನ ಕಿವಿಗೆ ಬಿದ್ದಿದೆ. ಬೇರೆ ಯಾವ ರಸ್ತೆಯಲ್ಲೂ ಹೊಸಬರಿಗೆ ಕಲಿಸಲು ಸಾಧ್ಯವಿಲ್ಲದ ಕಾರಣ, ಈ ಆಜ್ಞೆ ಹೊರಬಿದ್ದ ದಿನವೇ ನನ್ನ ಶಾಲೆಯ ಬಾಗಿಲು ಮುಚ್ಚುತ್ತದೆ. ಬಾಗಿಲೆಂದರೆ ಕಾರಿನದೇ, ಶಾಲೆಗೆ ಬೇರೆ ಬಾಗಿಲಿಲ್ಲ. ಆದ್ದರಿಂದ, ತಮ್ಮ ಅಮೂಲ್ಯ ಸಮಯವನ್ನು ಸ್ವಲ್ಪ ತಿಂದು, ಆ ಯಂತ್ರ ನಮ್ಮ ರಸ್ತೆಗೇ ಯಾಕೆ ಬಂತೆಂಬ ಕಥೆಯನ್ನು ತಮಗೆ ಹೇಳಬೇಕೆಂದಿದ್ದೇನೆ. ಕಟ್ಟಿದವರು ತಾವೇ ಆದರೂ ಈ ಕಥೆ ತಮಗೆ ಗೊತ್ತಿರಲಾರದು.

ನಮ್ಮ ರಸ್ತೆ ಎಲ್ಲಿಗೂ ಹೋಗುವುದಿಲ್ಲ. ಹಳೆಯ ಮರದ ಡಿಪೋವನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಡಿಪೋ ಮುಚ್ಚಿದ ಮೇಲೆ ಅದಕ್ಕೆ ಯಾರೂ ಬಾರದಾದ್ದರಿಂದಲೇ ಅದು ಕಲಿಯುವವರ ಸ್ವರ್ಗವಾಯಿತು. ಎದುರು ಬರುವ ಲಾರಿಯಿಲ್ಲ, ಹಿಂದಿನಿಂದ ಹಾರ್ನ್ ಹೊಡೆದು ಬೈಯುವವರಿಲ್ಲ, ಗುದ್ದಿದರೂ ಡಿಪೋದ ಗೋಡೆ ಎದ್ದು ಬಂದು ಜಗಳವಾಡುವುದಿಲ್ಲ. ಇಂಥ ರಸ್ತೆಯ ಮೂಲೆಯಲ್ಲಿ ಒಂದು ಬೆಳಗ್ಗೆ ಇಬ್ಬರು ಗಂಭೀರ ಮನುಷ್ಯರು ಕುರ್ಚಿ ಹಾಕಿ, ಕೊಡೆ ಬಿಡಿಸಿ, ಕೈಯಲ್ಲಿ ಟಿಕ್ ಟಿಕ್ ಎನ್ನುವ ಪುಟ್ಟ ಸಾಧನ ಹಿಡಿದು ಕುಳಿತರು. ಅವರು ತಮ್ಮ ಯೋಜನಾ ಕಚೇರಿಯಿಂದ ವಾಹನ ಎಣಿಸಲು ಬಂದವರೆಂದು ನನಗೇನು ಗೊತ್ತು? ಲೈಸೆನ್ಸ್ ಕೊಡುವ ಇಲಾಖೆಯವರು ನನ್ನ ಪಾಠದ ಗುಣಮಟ್ಟವನ್ನು ಗುಟ್ಟಾಗಿ ಪರೀಕ್ಷಿಸಲು ಬಂದಿದ್ದಾರೆಂದುಕೊಂಡು, ಆ ದಿನ ರಜೆಯಲ್ಲಿದ್ದ ಶಿಷ್ಯರನ್ನೂ ಮನೆಯಿಂದ ಎಬ್ಬಿಸಿ ಕರೆತಂದೆ. ಎಂದೋ ಲೈಸೆನ್ಸ್ ಪಡೆದು ಹೋದ ಹಳೆಯ ಶಿಷ್ಯರನ್ನೂ ಅಂಗಲಾಚಿ ಕೂರಿಸಿದೆ. ಒಬ್ಬರು ಇಳಿಯುತ್ತಿದ್ದಂತೆ ಇನ್ನೊಬ್ಬರು ಹತ್ತಿದರು. ಹೊತ್ತು ಮುಳುಗುವವರೆಗೆ ನನ್ನ ಬಡಪಾಯಿ ಕಾರು ಆ ಇಬ್ಬರ ಮುಂದೆ ಗಾಣದೆತ್ತಿನಂತೆ ಸುತ್ತಿತು, ಅವರು ಟಿಕ್ ಟಿಕ್ ಎಂದು ಎಣಿಸಿದರು. ಹೋಗುವಾಗ ಒಬ್ಬರು ನನ್ನ ಕಡೆ ನೋಡಿ ತಲೆಯಾಡಿಸಿದಾಗ, ಪಾಸಾದೆ ಎಂದುಕೊಂಡು ಹಿಗ್ಗಿದ್ದೇನು!

ಆಮೇಲೆ ಪ್ರಕಟವಾದ ತಮ್ಮ ವರದಿಯನ್ನು ನಾನು ಮತ್ತೆ ಮತ್ತೆ ಓದಿ ಕಣ್ಣೊರೆಸಿಕೊಂಡಿದ್ದೇನೆ. ಬೆಳೆಯುತ್ತಿರುವ ಈ ಪಟ್ಟಣದಲ್ಲಿ ಅತ್ಯಂತ ದಟ್ಟ ಸಂಚಾರವಿರುವ ರಸ್ತೆ ನಮ್ಮದೇ ಎಂದು ತಾವು ಅದರಲ್ಲಿ ಸಾರಿದ್ದೀರಿ. ಇಲ್ಲಿನ ಚಾಲಕರು ನಿಧಾನಸ್ವಭಾವದವರೆಂದೂ, ನೇರ ಹೋಗುವಾಗಲೂ ಇಂಡಿಕೇಟರ್ ಹಾಕುವಷ್ಟು ಶಿಸ್ತಿನವರೆಂದೂ ಹೊಗಳಿದ್ದೀರಿ. ಈ ಭಾಗದ ಜನರಿಗೆ ಹಳದಿ ಬಣ್ಣದ ಕಾರಿನ ಮೇಲೆ ವಿಶೇಷ ಒಲವಿದೆ, ಪ್ರತಿ ಕಾರಿನಲ್ಲೂ ಚಾಲಕರ ಪಕ್ಕ ಗಾಬರಿಗೊಂಡ ಗಂಡಸೊಬ್ಬರು ಕುಳಿತಿರುತ್ತಾರೆ ಎಂಬ ಸೂಕ್ಷ್ಮವನ್ನೂ ತಮ್ಮವರು ಬಿಟ್ಟಿಲ್ಲ. ಮಾನ್ಯರೇ, ಆ ಗಂಡಸು ನಾನೇ. ಇಷ್ಟು ವರ್ಷಗಳಲ್ಲಿ ಸ್ವಂತ ಹೆಂಡತಿಯೂ ನನ್ನನ್ನು ಒಬ್ಬ ಮನುಷ್ಯನೆಂದು ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ನನ್ನನ್ನು ಇಡೀ ಊರೆಂದು ಎಣಿಸಿದ ಮಹಾನುಭಾವರು ತಾವೊಬ್ಬರೇ.

ಆ ವರದಿಯ ಬಲದ ಮೇಲೆ ಯಂತ್ರವೇನೋ ಬಂತು. ಅದರ ಅಂದಚೆಂದವನ್ನು ನಾನು ಅಲ್ಲಗಳೆಯುವುದಿಲ್ಲ. ಆಳೆತ್ತರದ ನೀಲಿ ಬ್ರಷ್‌ಗಳು ಗಿರಗಿರನೆ ತಿರುಗುವುದೂ, ನೆಲದ ಪಟ್ಟಿ ಕಾರನ್ನು ಮಗುವಿನಂತೆ ಎಳೆದುಕೊಂಡು ಹೋಗುವುದೂ, ಕೊನೆಗೆ ಬಿಸಿಗಾಳಿ ಊದಿ ಒಣಗಿಸಿ ಕಳಿಸುವುದೂ ನೋಡಲು ಸೊಗಸು. ನನ್ನ ತಕರಾರು ಅದರ ಬಾಗಿಲಲ್ಲಿರುವ ಬೋರ್ಡಿನದು. ‘ಗೇರ್ ತೆಗೆದು ನ್ಯೂಟ್ರಲ್‌ನಲ್ಲಿಡಿ. ಸ್ಟೀರಿಂಗ್ ಬಿಡಿ. ಬ್ರೇಕ್ ಮುಟ್ಟಬೇಡಿ. ನೆಮ್ಮದಿಯಾಗಿ ಕುಳಿತುಕೊಳ್ಳಿ’ ಎಂದು ಅದರಲ್ಲಿ ಬರೆದಿದೆ. ಗಂಟಲು ಹರಿದುಕೊಂಡು ನಾನು ಏನೇನನ್ನು ಮಾಡಬಾರದೆಂದು ಕಲಿಸುತ್ತೇನೋ ಅದನ್ನೆಲ್ಲ ನಾಲ್ಕು ಸಾಲಿನಲ್ಲಿ ಮಾಡಿ ಎನ್ನುವ ಇನ್ನೊಂದು ಬೋರ್ಡು ಲೋಕದಲ್ಲಿರಲಾರದು.

ನನ್ನ ಚಿಕ್ಕಮ್ಮನವರು ಬ್ರೆಡ್ಡಿನ ಬೇಕರಿ ನಡೆಸುತ್ತಾರೆ. ಚಿಕ್ಕಪ್ಪನ ಕಣ್ಣು ಮಂಜಾಗಿರುವುದರಿಂದ ಬೇಕರಿಯ ವ್ಯಾನನ್ನು ತಾವೇ ಓಡಿಸಬೇಕೆಂದು ಹಟ ತೊಟ್ಟು ನನ್ನ ಶಿಷ್ಯೆಯಾಗಿದ್ದಾರೆ. ರಸ್ತೆಯಲ್ಲಿ ಕಂಡ ಪ್ರತಿಯೊಂದು ಬೋರ್ಡಿಗೂ ತಲೆಬಾಗಬೇಕೆಂದು ಅವರಿಗೆ ಹೇಳಿಕೊಟ್ಟವನು ನಾನೇ. ಯಂತ್ರ ಶುರುವಾದ ವಾರವೇ ಅವರು ಆ ಬೋರ್ಡನ್ನು ಓದಿ, ಇಂಡಿಕೇಟರ್ ಹಾಕಿ, ತಮ್ಮ ಜೀವನದಲ್ಲೇ ಅತ್ಯಂತ ಸುಂದರವಾದ ತಿರುವು ತೆಗೆದುಕೊಂಡು ನೇರ ಯಂತ್ರದ ಬಾಯಿಗೆ ನುಗ್ಗಿದರು. ನಾನು ಪಕ್ಕದ ಸೀಟಿನಲ್ಲಿ ಮೇಷ್ಟ್ರಿಗೆಂದೇ ಇರುವ ಬ್ರೇಕನ್ನು ತುಳಿದು ಹಿಡಿದೆ. ಕೂಡಲೇ ಮೇಲಿನ ಸ್ಪೀಕರಿನಿಂದ ಹೆಣ್ಣುದನಿಯೊಂದು “ದಯವಿಟ್ಟು ಬ್ರೇಕ್ ಬಿಡಿ” ಎಂದಿತು.

“ಬಿಡೋ, ಅವಳು ಹೇಳ್ತಿರೋದು ನಿನಗೇ” ಎಂದರು ಚಿಕ್ಕಮ್ಮ.

“ಬಿಟ್ರೆ ಅದು ಎಳ್ಕೊಂಡು ಹೋಗುತ್ತೆ ಚಿಕ್ಕಮ್ಮ!”

“ಎಳ್ಕೊಂಡು ಹೋಗ್ಲಿ ಬಿಡು. ನೀನು ಬೆಳಗ್ಗೆಯಿಂದ ಕ್ಲಚ್ಚು ಕ್ಲಚ್ಚು ಅಂತ ಪ್ರಾಣ ತಿಂದೆಯಲ್ಲ, ಅವಳು ನೋಡು, ಎಷ್ಟು ಮರ್ಯಾದೆಯಿಂದ ಮಾತಾಡ್ತಾಳೆ. ಅವಳ ಹತ್ರ ಕಲಿತಿದ್ರೆ ಇಷ್ಟೊತ್ತಿಗೆ ಲಾರಿ ಓಡಿಸ್ತಿದ್ದೆ.”

ಹೊರಗೆ ಬರುವಷ್ಟರಲ್ಲಿ ಅವರಿಗೆ ಸಣ್ಣ ನಿದ್ದೆಯೂ ಆಗಿತ್ತು. ಸುದ್ದಿ ಹಬ್ಬಿ, ನನ್ನ ಶಿಷ್ಯರೆಲ್ಲ ಒಂದೊಂದು ಸಲ ಆ ನೆಮ್ಮದಿಯ ರುಚಿ ನೋಡಿದರು. ಅದರ ಫಲವನ್ನು ಕೇಳಿ. ಕ್ಷೌರದಂಗಡಿಯವರನ್ನು ಮೊನ್ನೆ ಮೊದಲ ಸಲ ಮಾರುಕಟ್ಟೆಯ ರಸ್ತೆಗೆ ಕರೆದೊಯ್ದಾಗ, ಜನಜಂಗುಳಿಯ ನಡುವೆ ಗೇರ್ ತೆಗೆದು, ಸ್ಟೀರಿಂಗ್ ಬಿಟ್ಟು, ಕಣ್ಮುಚ್ಚಿ ಕುಳಿತುಬಿಟ್ಟರು. ಹಿಂದಿನ ಗಾಡಿಗಳವರು ನನ್ನ ವಂಶವನ್ನೆಲ್ಲ ಉದ್ಧಾರ ಮಾಡುತ್ತಿರುವಾಗ ಇದೇನೆಂದು ಕೇಳಿದೆ. “ಬೆವರು ಬಂತು ಮೇಷ್ಟ್ರೇ, ಬಿಟ್ರೆ ಅದೇ ಕರ್ಕೊಂಡು ಹೋಗುತ್ತೇನೋ ಅಂತ...” ಎಂದು ಕಣ್ಣು ತೆರೆಯದೆಯೇ ಹೇಳಿದರು.

ಈಗ ಇರುವ ತೊಂದರೆ, ಯಂತ್ರಕ್ಕೆ ಗಿರಾಕಿಗಳಿಲ್ಲ ಎಂಬುದು. ಅದರ ಮ್ಯಾನೇಜರು ದಿನವಿಡೀ ಬಾಗಿಲಲ್ಲಿ ನಿಂತು, ವರದಿಯಲ್ಲಿ ಕಂಡ ಕಾರುಗಳಿಗಾಗಿ ದಾರಿ ಕಾಯುತ್ತಾರೆ. ನನ್ನ ಹಳದಿ ಕಾರು ತಿರುವಿನಲ್ಲಿ ಕಂಡಾಗಲೆಲ್ಲ ಅವರ ಮುಖ ಅರಳುತ್ತದೆ, ಹತ್ತಿರ ಬಂದ ಮೇಲೆ ಬಾಡುತ್ತದೆ. ದಿನಕ್ಕೆಷ್ಟು ಸಲ ಒಬ್ಬ ಮನುಷ್ಯನನ್ನು ಹೀಗೆ ಬಾಡಿಸಲಿ? ಅವರು ತಮಗೆ ದೂರು ಕೊಟ್ಟಿದ್ದಾರೆ. ಕಲಿಯುವವರ ಗಾಡಿ ಅಡ್ಡ ಬರುವುದರಿಂದ ಉಳಿದ ಗಾಡಿಗಳಿಗೆ ಒಳಗೆ ಬರಲಾಗುತ್ತಿಲ್ಲ ಎಂದು ತಾವು ತೀರ್ಮಾನಿಸಿದ್ದೀರಿ. ಮಾನ್ಯರೇ, ಉಳಿದ ಗಾಡಿಗಳೆಂದರೆ ನಾನೇ. ಅಡ್ಡ ಬರುವ ಗಾಡಿಯೂ ನಾನೇ. ನನ್ನನ್ನು ಎಣಿಸಿ ಕಟ್ಟಿದ ಯಂತ್ರಕ್ಕೆ ಜಾಗವಾಗಲೆಂದು ನನ್ನನ್ನೇ ಓಡಿಸಿದರೆ, ಮೊದಲ ದಿನ ಶಾಲೆ ಸಾಯುತ್ತದೆ, ಎರಡನೆಯ ದಿನ ತಮ್ಮ ದಟ್ಟ ಸಂಚಾರವೂ ಸಾಯುತ್ತದೆ. ಚಿಕ್ಕಮ್ಮನ ವ್ಯಾನಂತೂ ಬೇಕರಿಯ ಹಿತ್ತಲಲ್ಲೇ ತುಕ್ಕು ಹಿಡಿಯುತ್ತದೆ.

ಆದ್ದರಿಂದ ನನ್ನ ಬೇಡಿಕೆಗಳು ಬಹಳ ಸಣ್ಣವು. ಆ ಆಜ್ಞೆಯನ್ನು ಕೈಬಿಟ್ಟು ನಮ್ಮ ರಸ್ತೆಯನ್ನು ನಮಗೆ ಬಿಡಬೇಕು. ಅದಾಗದಿದ್ದರೆ, ಯಂತ್ರದ ಕೆಳಗೆ ಗಾಲಿ ಕಟ್ಟಿಸಿ, ಕಾರುಗಳಿರುವ ಕಡೆಗೆ ಅದೇ ಹೋಗಿ ತೊಳೆದು ಬರುವಂತೆ ಮಾಡಬೇಕು. ಅದನ್ನು ಓಡಿಸಲು ಕಲಿಸುವ ಹೊಣೆ ನನ್ನದು. ಅದೂ ಆಗದಿದ್ದರೆ, ಕಾರನ್ನು ಎಳೆದೊಯ್ಯುವ ಆ ಪಟ್ಟಿಯನ್ನು ಊರಿನ ಎಲ್ಲ ರಸ್ತೆಗಳಿಗೂ ಹಾಸಿಬಿಡಬೇಕು. ಆಗ ಯಾರೂ ಗಾಡಿ ಕಲಿಯಬೇಕಾಗಿಲ್ಲ. ನನ್ನನ್ನು ನೆಮ್ಮದಿಯಾಗಿ ಕೂರುವುದನ್ನು ಕಲಿಸುವ ಮೇಷ್ಟ್ರಾಗಿ ನೇಮಿಸಿದರೆ ಸಾಕು, ಸ್ಪೀಕರಿನ ಆ ಮಹಿಳೆಯ ಕೈಕೆಳಗೆ ದುಡಿಯಲೂ ಸಿದ್ಧನಿದ್ದೇನೆ.

ನಾನು ಸುತ್ತು ಹಾಕುತ್ತಿರುವವರೆಗೂ ತಮ್ಮ ವರದಿ ಸುಳ್ಳಾಗದೆಂಬ ಭರವಸೆಯೊಂದಿಗೆ,

ತಮ್ಮ ವಿಶ್ವಾಸಿ,
ಡಿಪೋ ಸುತ್ತುರಸ್ತೆಯ ಸಮಸ್ತ ವಾಹನ ಸಂಚಾರ

ತಾ.ಕ.: ಈ ಪತ್ರವನ್ನು ಮಡಚುವಷ್ಟರಲ್ಲಿ, ನನ್ನ ಶಾಲೆಯನ್ನು ನಿಷೇಧಿಸುವ ಹಲಗೆಯನ್ನು ನೆತ್ತಿಗೆ ಕಟ್ಟಿಕೊಂಡು ತಮ್ಮ ಕಚೇರಿಯ ಜೀಪು ಬಂದೇಬಿಟ್ಟಿತು. ಬೆಳಗ್ಗೆಯಷ್ಟೇ ಬರೆಸಿದ್ದರಿಂದ ಹಲಗೆಯ ಬಣ್ಣ ಇನ್ನೂ ಹಸಿಯಾಗಿತ್ತು. ಕಚೇರಿಯ ಗಾಡಿಗಳೇ ಮೊದಲು ಯಂತ್ರಕ್ಕೆ ಹೋಗಿ ಮಾದರಿಯಾಗಬೇಕೆಂದು ತಾವು ಅಪ್ಪಣೆ ಮಾಡಿದ್ದಿರಂತೆ. ಜೀಪು ಹಲಗೆಯ ಸಮೇತ ಒಳಗೆ ಹೋಗಿ ಹಲಗೆಯ ಸಮೇತ ಹೊರಗೆ ಬಂತು. ತಮ್ಮ ಯಂತ್ರದ ಬಗ್ಗೆ ಯಾರೂ ಎರಡು ಮಾತಾಡುವಂತಿಲ್ಲ, ಒಂದಕ್ಷರವನ್ನೂ ಉಳಿಸಿಲ್ಲ. ಬರಿಯ ಹಲಗೆಯನ್ನು ಯಾಕೆ ನೆಡುತ್ತೀರೆಂದು ಕೇಳಿದ್ದಕ್ಕೆ ತಮ್ಮ ಸಿಬ್ಬಂದಿ, “ನೆಡೋಕೆ ಹೇಳಿದ್ದಾರೆ ಕಣ್ರೀ, ಓದೋಕೆ ಹೇಳಿಲ್ಲ” ಎಂದು ಗಟ್ಟಿಯಾಗಿ ಗುಂಡಿ ತೋಡಿ ನೆಟ್ಟು ಹೋಗಿದ್ದಾರೆ. ಚಿಕ್ಕಮ್ಮನವರು ಅದರ ಮುಂದೆ ಕಾರು ನಿಲ್ಲಿಸಿ, ಎರಡು ಸಲ ಗಮನವಿಟ್ಟು ಓದಿ, ಗೇರ್ ಹಾಕಿ ಮುಂದೆ ಹೋದರು. ಅದರಲ್ಲಿ ಬರೆದಿರುವುದೆಲ್ಲವನ್ನೂ ನಾವು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ.