ಬಾಲ ಬಿಡದ ಕಾರು

"ಇನ್ಮೇಲೆ ನಾನು ಪೆಟ್ರೋಲ್ ಬಂಕಿಗೆ ಕಾಲಿಟ್ರೆ, ಅದು ಬಿಸಿ ಸಾಸೇಜ್ ತಿನ್ನೋಕೆ ಮಾತ್ರ!"

ಓಸ್ಟರ್‌ಸುಂಡ್ ಎಂಬ ಹಿಮದೂರಿನ ಭೌತಶಾಸ್ತ್ರದ ಮೇಷ್ಟ್ರು ಎಸ್ಕಿಲ್ ಹೀಗೆ ಘೋಷಿಸಿದ್ದು ಫೆಬ್ರವರಿಯ ಒಂದು ಬೆಳಿಗ್ಗೆ, ಕಾಫಿ ಲೋಟವನ್ನು ರಾಜದಂಡದಂತೆ ಎತ್ತಿ ಹಿಡಿದು. ಹಿಂದಿನ ದಿನವಷ್ಟೇ ಅವನು ಒಂಬತ್ತು ವರ್ಷ ಹಳೆಯ ಕಾರೊಂದನ್ನು ತಂದಿದ್ದ. ಹಿಂಭಾಗ ಎಷ್ಟು ಉದ್ದವೆಂದರೆ ಒಂದು ಸೋಫಾವನ್ನೇ ಮಲಗಿಸಬಹುದು. ಪ್ಲಗ್ಗಿಗೆ ಚುಚ್ಚಿಟ್ಟರೆ ಕರೆಂಟಿನಲ್ಲಿ ಓಡುತ್ತದೆ. ಕರೆಂಟು ಮುಗಿದರೆ ಪೆಟ್ರೋಲಿನಲ್ಲಿ.

"ಎರಡು ದೋಣಿ ಮೇಲೆ ಕಾಲಿಟ್ಟೋರ ಗತಿ ಗೊತ್ತಲ್ಲ?" ಎಂದಳು ಹೆಂಡತಿ ಸೋಲ್ವೇಗ್.

"ಒಂದು ತೂತಾದ್ರೆ ಇನ್ನೊಂದರಲ್ಲಿ ದಡ ಸೇರ್ತಾರೆ!"

"ಎರಡೂ ತೂತಾದ್ರೆ?"

"ನಾನು ಭೌತಶಾಸ್ತ್ರದ ಮೇಷ್ಟ್ರು ಕಣೇ!"

"ಅದಕ್ಕೇ ನಂಗೆ ಭಯ."

ಮೊದಲ ವಾರವೇ ಕಾರು ತನ್ನ ಗುಣ ತೋರಿಸಿತು. ಬ್ಯಾಟರಿ ಭರ್ತಿಯಿದ್ದರೂ ಮೈನಸ್ ಹದಿನೆಂಟರ ಚಳಿಗೆ ಹೆದರಿ, ಮೊದಲ ತಿರುವಿನಲ್ಲೇ ಪೆಟ್ರೋಲ್ ಎಂಜಿನ್ನು ಗುರ್ರೆಂದು ಎದ್ದು ಕೂರುತ್ತಿತ್ತು. ಹಿಂಬಾಗಿಲು ತನಗೆ ತೋಚಿದಾಗ ತೆರೆಯುತ್ತಿತ್ತು, ಕೈಮುಗಿದು ಬೇಡಿದರೂ ಮುಚ್ಚುತ್ತಿರಲಿಲ್ಲ. ಎದುರಿನ ಪರದೆಯ ಮೇಲೆ ದಿನಕ್ಕೊಂದು ಹೊಸ ದೀಪ.

"ಕ್ರಿಸ್‌ಮಸ್ ಮುಗೀತಲ್ಲ, ಇದಕ್ಯಾಕೆ ಇನ್ನೂ ದೀಪಾಲಂಕಾರ?" ಎಂದು ಸೋಲ್ವೇಗ್ ಕೇಳಿದಳು. ಎಸ್ಕಿಲ್ ಕೇಳಿಸದವನಂತೆ ರೇಡಿಯೋ ಜೋರು ಮಾಡಿದ.

ಹೀಗಿರುವಾಗ ಅವನ ಅತ್ತೆ ಡಾಗ್ನಿಯ ಎಂಬತ್ತೈದನೆಯ ಹುಟ್ಟುಹಬ್ಬ ಬಂತು. ಸಿಗಡಿ, ಮೊಟ್ಟೆ, ಮೇಯನೇಸ್ ಮೆತ್ತಿದ ನಾಲ್ಕು ಅಂತಸ್ತಿನ ಬ್ರೆಡ್ ಕೇಕನ್ನು ಕಾರಿನ ಬೆನ್ನಿಗೇರಿಸಿಕೊಂಡು ಇಬ್ಬರೂ ಹಳ್ಳಿಗೆ ಹೊರಟರು. ತಲುಪಿದ್ದು ಎಲ್ಲರಿಗಿಂತ ಕೊನೆಗೆ. ಆಳೆತ್ತರದ ಹಿಮದ ಗೋಡೆಗಳ ನಡುವೆ ಒಂದೇ ಕಾರು ಹಿಡಿಸುವ ಓಣಿ. ಅದರಾಚೆ ಅಂಗಳದ ತುಂಬ ನೆಂಟರ ಕಾರುಗಳು. ಓಣಿಯ ಬಾಯಲ್ಲೇ ಪ್ಲಗ್ಗಿನ ಕಂಬವೊಂದು ಎಸ್ಕಿಲ್‌ನನ್ನು ಕೈಬೀಸಿ ಕರೆಯಿತು.

"ದಾರಿಗೇ ಅಡ್ಡ ನಿಲ್ಲಿಸ್ತೀಯಲ್ಲೋ!" ಎಂದಳು ಸೋಲ್ವೇಗ್.

"ಎರಡು ಗಂಟೆ ತಾನೇ? ಅತ್ತೆ ಮನೆ ಕರೆಂಟು, ಅಳಿಯನ ಹಕ್ಕು!" ಎಂದು ಎಸ್ಕಿಲ್ ಕೇಬಲ್ ಚುಚ್ಚಿದ.

ಮಧ್ಯಾಹ್ನ ಮೂರಕ್ಕೆ ಸೋಲ್ವೇಗ್‌ಳ ಅಣ್ಣ ಸ್ತೂರೆ ಕೋಟು ಹಾಕಿಕೊಂಡ. ಒಂದು ತುಂಡು ಕೇಕು, ಒಂದು ಕಾಫಿ, ಆಮೇಲೆ ಮನೆ. ಇದು ಅವನ ಇಪ್ಪತ್ತು ವರ್ಷಗಳ ವ್ರತ.

"ಎಸ್ಕಿಲ್, ನಿನ್ನ ರಥ ಸ್ವಲ್ಪ ಸರಿಸಪ್ಪ."

ಎಸ್ಕಿಲ್ ಹೋಗಿ ಕೇಬಲ್ ಎಳೆದ. ಬರಲಿಲ್ಲ. ಜಗ್ಗಿದ. ಕಾರೇ ಅಲ್ಲಾಡಿತು, ಕೇಬಲ್ ಅಲ್ಲಾಡಲಿಲ್ಲ! ಒಳಗಿನ ಚಿಲಕ ಚಳಿಗೆ ಹಲ್ಲು ಕಚ್ಚಿ ಹಿಡಿದಿತ್ತು. ಕೇಬಲ್ ಬಿಡದೆ ಕಾರು ಹೊರಡದು, ಕಾರು ಹೊರಡದೆ ಯಾರೂ ಹೊರಡರು.

ಭೌತಶಾಸ್ತ್ರ ಜಾಗೃತವಾಯಿತು. ಬಿಸಿನೀರು ಹೊಯ್ದ, ಎರಡೇ ನಿಮಿಷಕ್ಕೆ ಅದೂ ಗಡ್ಡೆ ಕಟ್ಟಿತು.

"ಕೇಕ್ ಆಯ್ತು, ಈಗ ಐಸ್ ಕ್ಯಾಂಡಿನಾ?" ಎಂದ ಸ್ತೂರೆ.

ಕೂದಲು ಒಣಗಿಸುವ ಯಂತ್ರ ತಂದು ಅದೇ ಕಂಬಕ್ಕೆ ಚುಚ್ಚಿದ. ಢಬ್! ಫ್ಯೂಸ್ ಸುಟ್ಟು ಮನೆಯಿಡೀ ಕತ್ತಲು. ಕೊನೆಗೆ ಕೀಲಿಯ ಗುಂಡಿಯನ್ನು ನೂರೆಂಟು ಸಲ ಒತ್ತಿದ. ಬಾಗಿಲು, ಬೀಗ, ದೀಪ ನೋಡಿಕೊಳ್ಳುವ ಪುಟ್ಟ ಬ್ಯಾಟರಿ ನೂರೊಂಬತ್ತನೆಯದಕ್ಕೆ ಪ್ರಾಣ ಬಿಟ್ಟಿತು. ಕಾರಿನ ಹೊಟ್ಟೆಯಲ್ಲಿ ಊರು ಮುಟ್ಟುವಷ್ಟು ಕರೆಂಟಿದೆ, ಅದನ್ನು ಎಬ್ಬಿಸಲು ಚಿಟಿಕೆ ಕರೆಂಟಿಲ್ಲ. ಕಣಜದ ತುಂಬ ಭತ್ತ, ಒಲೆ ಹಚ್ಚಲು ಕಡ್ಡಿಯಿಲ್ಲ!

ರಿಪೇರಿಯವರಿಗೆ ಫೋನು ಮಾಡಿದರೆ, "ಹಿಮ ಬೀಳ್ತಿದೆ. ಬರೋಷ್ಟರಲ್ಲಿ ಸಂಜೆ ಏಳಾಗತ್ತೆ" ಎಂದರು.

ಎಸ್ಕಿಲ್ ಕಾರಿನ ಪಕ್ಕ ಒಬ್ಬನೇ ನಿಂತ. ಕಿಟಕಿಯಲ್ಲಿ ಇಪ್ಪತ್ತು ಜೊತೆ ಕಣ್ಣುಗಳು. ಚಳಿಗಿಂತ ನಾಚಿಕೆಯೇ ಹೆಚ್ಚು ಕೊರೆಯುತ್ತಿತ್ತು. ಡಾಗ್ನಿ ಬಾಗಿಲು ತೆರೆದು ಕೂಗಿದಳು: "ಒಳಗೆ ಬಾರೋ ಮಾರಾಯ, ಕಿವಿ ಉದುರಿ ಹೋದಾವು!"

ಒಳಗೆ ಮೇಣದ ಬತ್ತಿ ಹಚ್ಚಿದ್ದರು. ಸೌದೆ ಒಲೆಯ ಮೇಲೆ ಕಡವೆ ಮಾಂಸದ ಸಾರು ಕುದಿಯುತ್ತಿತ್ತು. ಬೇರೆ ದಾರಿಯಿಲ್ಲದೆ ಕೋಟು ಬಿಚ್ಚಿದ ಸ್ತೂರೆ, ತಾಯಿಯ ಎದುರು ಇಸ್ಪೀಟಿಗೆ ಕೂತು ಸತತ ಆರು ಆಟ ಸೋತ. "ಅಮ್ಮ ಮೋಸ ಮಾಡ್ತಾಳೆ!" ಎಂದು ಅರವತ್ತರ ಗಂಡಸು ಆರು ವರ್ಷದವನಂತೆ ಅರಚಿದ. ಯಾರೋ ಹಾಡು ಎತ್ತಿದರು.

ಏಳಕ್ಕೆ ರಿಪೇರಿಯ ಹೆಂಗಸು ಬಂದಳು. ಕಾರಿನ ಮುಚ್ಚಳ ಎತ್ತಿ, ತನ್ನ ಗಾಡಿಯ ತಂತಿಯಿಂದ ಪುಟ್ಟ ಬ್ಯಾಟರಿಗೆ ಜೀವ ಕೊಟ್ಟು, ಮೂಲೆಯಲ್ಲಿದ್ದ ಹಸಿರು ದಾರವೊಂದನ್ನು ಕಿರುಬೆರಳಲ್ಲಿ ಎಳೆದಳು. ಟಕ್! ಕೇಬಲ್ ಕೈಗೆ ಬಂತು.

"ಇಷ್ಟೇ. ನೀವೇನ್ ಕೆಲ್ಸ ಮಾಡೋದು?"

ಎಸ್ಕಿಲ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆಯತ್ತ ಒಮ್ಮೆ ಕಣ್ಣು ಹಾಯಿಸಿದ. "ಸಂಗೀತದ ಮೇಷ್ಟ್ರು."

ವಿಚಿತ್ರವೆಂದರೆ, ದಾರಿ ಬಿಟ್ಟಿತೆಂದು ಹೇಳಿದರೂ ಯಾರೂ ಏಳಲಿಲ್ಲ. ಎಸ್ಕಿಲ್ ಅಡುಗೆಮನೆಗೆ ಹೋಗಿ, ಅತ್ತೆ ತೊಳೆದ ತಟ್ಟೆಗಳನ್ನು ಒರೆಸುತ್ತ ತಲೆ ತಗ್ಗಿಸಿದ.

"ನಿಮ್ಮ ಹಬ್ಬ ಹಾಳು ಮಾಡಿಬಿಟ್ಟೆ. ಆ ದಾರದ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ."

"ಯಾವುದು, ಆ ಹಸಿರು ದಾರಾನಾ? ನನ್ನ ಬಿ.ಪಿ. ನೋಡೋಕೆ ಬರೋ ನರ್ಸ್ ಕಾರೂ ಅಂಥದ್ದೇ ಕಣಪ್ಪ. ವಾರಕ್ಕೊಂದು ಸಲ ಕಚ್ಚಿಕೊಳ್ಳತ್ತೆ. ನಾನೇ ಹೋಗಿ ಎಳೆದು ಕೊಡ್ತೀನಿ."

ಎಸ್ಕಿಲ್‌ನ ಕೈಯಲ್ಲಿದ್ದ ತಟ್ಟೆ ಜಾರುವುದೊಂದು ಬಾಕಿ. "ಮತ್ತೆ ಮೂರು ಗಂಟೆಗೇ ಯಾಕೆ ಹೇಳ್ಲಿಲ್ಲ?"

ಡಾಗ್ನಿ ಒಳಗಿನ ಗದ್ದಲದತ್ತ ಒಮ್ಮೆ ಕಿವಿಗೊಟ್ಟಳು. ಆಮೇಲೆ ಮತ್ತೊಂದು ಒದ್ದೆ ತಟ್ಟೆಯನ್ನು ಅವನ ಕೈಗಿಟ್ಟಳು.

"ಹೇಳಿದ್ರೆ ಎಲ್ಲರೂ ಮೂರು ಗಂಟೆಗೇ ಹೋಗ್ಬಿಡ್ತಿದ್ರಲ್ಲೋ, ಸಂಗೀತದ ಮೇಷ್ಟ್ರೇ!"